ಐದನೇ ಕಾಲು

ಚಾಮರಾಜಪೇಟೆಯ ಆ ಮನೆಯ ಮೇಲಿನ ಭಾಗವನ್ನು ನಾನು ಬಾಡಿಗೆಗೆ ಹಿಡಿದದ್ದು ಬಾವಿ ನೋಡಿ. ಬೇರೆಯವರು ಗಾಳಿ ಬೆಳಕು ನೋಡುತ್ತಾರೆ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆಂದು ಕೇಳುತ್ತಾರೆ. ನಾನು ನೆಟ್ಟಗೆ ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಬಗ್ಗಿದೆ. ರಾಟೆಗೆ ಇನ್ನೂ ಹಗ್ಗ ಇತ್ತು, ಕೆಳಗೆ ನೀರು ಕಾಣುತ್ತಿತ್ತು. ಮೇಲಿನ ಅಡುಗೆಮನೆಗೆ ಕಿಟಕಿ ಇದೆಯೋ ಇಲ್ಲವೋ ನೋಡದೆಯೇ ಒಪ್ಪಿಬಿಟ್ಟೆ. ಕಿಟಕಿ ಇರಲಿಲ್ಲ. ಆರು ವರ್ಷ ಒಗ್ಗರಣೆಯ ಘಾಟಿನಲ್ಲಿ ಕೆಮ್ಮಿದೆ.

ಆಗ ನಾನು ಶೇಷಾದ್ರಿಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಹೇಳುತ್ತ, ಜೊತೆಗೆ ಪಿಎಚ್‌ಡಿಗೆ ಕೆಲಸ ಮಾಡುತ್ತಿದ್ದೆ. ಊರೊಳಗಿನ ಹಳೇ ಬಾವಿಗಳಲ್ಲಿ, ದೇವಸ್ಥಾನದ ಕಲ್ಯಾಣಿಗಳಲ್ಲಿ ಬದುಕುವ ಕೋಪೆಪಾಡ್‌ಗಳು ನನ್ನ ವಿಷಯ. ಕೋಪೆಪಾಡ್ ಎಂದರೆ ಸೀಗಡಿ ಏಡಿಗಳ ದೂರದ ನೆಂಟ. ಗಾತ್ರ ಗಸಗಸೆ ಕಾಳಿನಷ್ಟು. ಬಾವಿ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ ಬಿಳಿಯ ಚುಕ್ಕೆಯೊಂದು ತಟಕ್ಕನೆ ಹಾರಿ ನಿಂತು, ಮತ್ತೆ ಹಾರುತ್ತದಲ್ಲ, ಅದೇ. ಇಂಥದಕ್ಕೆಲ್ಲ ಸಂಬಳ ಕೊಡ್ತಾರಾ ಎಂದು ನನ್ನ ಸೋದರಮಾವ ಪ್ರತಿ ಮದುವೆಮನೆಯಲ್ಲೂ ಕೇಳುತ್ತಿದ್ದರು. ಕೊಡುವುದಿಲ್ಲ, ಪಾಠ ಹೇಳಿದ್ದಕ್ಕೆ ಮಾತ್ರ ಕೊಡುತ್ತಾರೆ ಎಂದು ನಾನೂ ಪ್ರತಿ ಸಲ ಹೇಳುತ್ತಿದ್ದೆ.

ಮನೆಯ ಯಜಮಾನಿ ಎಪ್ಪತ್ತರ ಹತ್ತಿರದ ಜೈನ ಅಜ್ಜಿ. ಕೆಳಗಿನ ಮನೆಯಲ್ಲಿ ಅವರು, ಬ್ಯಾಂಕಿನ ಕೆಲಸಕ್ಕೆ ಹೋಗುವ ಅವರ ಸೊಸೆ, ವ್ಯಾಪಾರಕ್ಕೆಂದು ವಾರದಲ್ಲಿ ನಾಲ್ಕು ದಿನ ಹೊರಗೇ ಇರುವ ಮಗ. ಸೊಸೆಯ ಅಡುಗೆ ಕಾವೇರಿ ನೀರಿನಲ್ಲೇ ಆಗುತ್ತಿತ್ತು. ಅಜ್ಜಿಗೆ ಮಾತ್ರ ಕುಡಿಯಲು, ದೇವರ ಕೆಲಸಕ್ಕೆ ಬಾವಿ ನೀರೇ ಆಗಬೇಕು, ಅದನ್ನು ಅವರೇ ಸೇದಬೇಕು, ಅವರೇ ಗಾಳಿಸಬೇಕು.

ಅವರು ನೀರು ಗಾಳಿಸುವುದನ್ನು ನಾನು ಮೊದಲು ಮೇಲಿನ ಮೊಗಸಾಲೆಯಿಂದ ಕಂಡೆ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಿತ್ತಾಳೆ ಕೊಳಗದ ಬಾಯಿಗೆ ಹಾಸಿ, ಬಿಂದಿಗೆಯ ನೀರನ್ನು ಅದರ ಮೇಲೆ ನಿಧಾನಕ್ಕೆ ಬಿಡುತ್ತಿದ್ದರು. ಇದು ನಮ್ಮ ಮನೆಗಳಲ್ಲೂ ಇದ್ದದ್ದೇ. ಆಮೇಲಿನದು ನನಗೆ ಹೊಸತು. ಬಟ್ಟೆಯನ್ನು ಹಿಂಡುತ್ತಿರಲಿಲ್ಲ. ಅದನ್ನು ಮಗುಚಿ ಒಂದು ಚೊಂಬಿನ ಮೇಲೆ ಹಿಡಿದು, ಸೋಸಿದ ನೀರನ್ನೇ ಹಿಂದಿನಿಂದ ಹಾಕಿ, ಬಟ್ಟೆಯಲ್ಲಿ ಉಳಿದದ್ದೆಲ್ಲ ಚೊಂಬಿಗೆ ಇಳಿಯುವಂತೆ ತೊಳೆಯುತ್ತಿದ್ದರು. ಚೊಂಬಿನ ಕತ್ತಿಗೆ ಒಂದು ಹಗ್ಗ, ತಳಕ್ಕೆ ಬೆಸೆದ ಬಳೆಗೆ ಇನ್ನೊಂದು ಹಗ್ಗ. ಕತ್ತಿನ ಹಗ್ಗದಿಂದ ಅದನ್ನು ನೀರು ಮುಟ್ಟುವವರೆಗೂ ಇಳಿಸಿ, ಆಮೇಲೆ ತಳದ ಹಗ್ಗ ಎಳೆದು ಬಗ್ಗಿಸುತ್ತಿದ್ದರು. ಹಾಗೇ ಮೇಲಿಂದ ಸುರಿಯಬಹುದಲ್ಲ ಅಜ್ಜಿ ಎಂದೆ. ಅಷ್ಟೆತ್ತರದಿಂದ ಬಿದ್ದರೆ ಅವಕ್ಕೆ ಏಟಾಗುತ್ತದೆ ಎಂದರು. ಬಟ್ಟೆಗೆ ಸಿಕ್ಕ ಜೀವವನ್ನು ಅದು ಬಂದ ನೀರಿಗೇ ನೋವಾಗದಂತೆ ಮುಟ್ಟಿಸಬೇಕು. ಇದು ಅವರ ಮನೆತನದ ಪದ್ಧತಿ.

ನನಗೆ ಆ ಕ್ಷಣ ಭಕ್ತಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಕಂಡದ್ದು ಬಟ್ಟೆ. ನಾನು ರೇಷ್ಮೆಯ ಬಲೆ ಹಿಡಿದುಕೊಂಡು ಊರೆಲ್ಲ ಅಲೆದು ಮಾಡುತ್ತಿದ್ದ ಕೆಲಸವನ್ನು ಈಕೆ ದಿನಾ ಬೆಳಿಗ್ಗೆ ಕಾಫಿಗೆ ಮೊದಲೇ ಮಾಡಿ ಮುಗಿಸುತ್ತಿದ್ದರು.

ಮನೆಗೆ ಬಂದ ಮೊದಲ ಭಾನುವಾರವೇ, ಗಿಡಕ್ಕೆ ಬೇಕೆಂದು ಕೇಳಿ ಎರಡು ಬಿಂದಿಗೆ ಸೇದಿಕೊಂಡಿದ್ದೆ. ಗಿಡಕ್ಕೂ ಹಾಕಿದೆನೆನ್ನಿ. ಅದಕ್ಕೆ ಮೊದಲು ಬಲೆಯಲ್ಲಿ ಸೋಸಿ, ಕಾಲೇಜಿನಿಂದ ಕೇಳಿ ತಂದಿದ್ದ ಹಳೇ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೂರು ಕೋಪೆಪಾಡ್ ಸಿಕ್ಕವು, ಮೂರೂ ಹೆಣ್ಣು. ಎದೆಯ ಕೊನೆಯ ಭಾಗ ಎರಡು ಪಕ್ಕಕ್ಕೂ ಪುಟ್ಟ ರೆಕ್ಕೆಯಂತೆ ಚಾಚಿರುತ್ತದೆ. ಇವುಗಳಲ್ಲಿ ಎಡಗಡೆಯದು ಬಲಗಡೆಯದಕ್ಕಿಂತ ಉದ್ದ, ತುದಿಯಲ್ಲೊಂದು ಮುಳ್ಳು ಹೊರಕ್ಕೆ ತಿರುಗಿತ್ತು. ನನ್ನ ಹತ್ತಿರವಿದ್ದ ಯಾವ ಪುಸ್ತಕದ ಯಾವ ಚಿತ್ರಕ್ಕೂ ಅದು ಹೊಂದಲಿಲ್ಲ. ಅವತ್ತು ಅನ್ನ ಸೀದುಹೋಯಿತು, ವಾಸನೆ ಬಂದದ್ದೂ ತಿಳಿಯಲಿಲ್ಲ.

ಆದರೆ ಹೆಣ್ಣನ್ನು ನೋಡಿ ಈ ಗುಂಪಿನಲ್ಲಿ ಜಾತಿ ಹೇಳುವುದು ಕಷ್ಟ. ಹೆಸರು ಇರುವುದು ಗಂಡಿನ ಮೈಯಲ್ಲಿ. ಗಂಡಿನ ಎರಡು ಉದ್ದ ಮೀಸೆಗಳಲ್ಲಿ ಬಲಗಡೆಯದು ನಡುವೆ ಉಬ್ಬಿ, ಮೊಣಕೈಯಂತೆ ಮಡಿಚುತ್ತದೆ, ಹೆಣ್ಣನ್ನು ಹಿಡಿದುಕೊಳ್ಳುವುದಕ್ಕೆ. ಈಜುವ ನಾಲ್ಕು ಜೊತೆ ಕಾಲುಗಳ ಹಿಂದೆ ಐದನೇ ಜೊತೆಯೊಂದಿದೆ, ಅದು ಈಜುವುದಿಲ್ಲ. ಅದರಲ್ಲಿ ಎಡಗಾಲು ಮೋಟು, ಬಲಗಾಲು ದೊಡ್ಡದು, ಕೊನೆಗೆ ಕುಡುಗೋಲಿನಂಥ ಕೊಕ್ಕೆ. ಆ ಕೊಕ್ಕೆಯ ಬಾಗು ಎಷ್ಟು, ಪಕ್ಕದ ಮುಳ್ಳು ಎಲ್ಲಿಂದ ಹೊರಟಿದೆ, ಒಳ ಅಂಚಿನಲ್ಲಿ ಹಲ್ಲಿದೆಯೇ ಇಲ್ಲವೇ, ಇಷ್ಟು ನೋಡಿದರೆ ಇದು ಯಾರ ಮಗ, ಯಾವ ಮನೆತನ ಎಂದು ಹೇಳಿಬಿಡಬಹುದು. ನನ್ನ ಗೈಡ್ ಹೆಣ್ಣುಗಳ ಚಿತ್ರ ನೋಡಿ, ಹೊಸ ಜಾತಿಯೇ ಇದ್ದರೂ ಇರಬಹುದು, ಮೊದಲು ಗಂಡು ತನ್ನಿ, ಆಮೇಲೆ ಮಾತು ಎಂದರು. ಅದೇ ಕಾಲಕ್ಕೆ ಮಲ್ಲೇಶ್ವರದಿಂದ ನನ್ನ ಅಮ್ಮ ವಾರಕ್ಕೊಮ್ಮೆ ಫೋನು ಮಾಡಿ, ನನಗೆ ಮೂವತ್ತೆರಡಾಯಿತೆಂದು ನೆನಪಿಸಿ, ಹೆಚ್ಚುಕಡಿಮೆ ಅದೇ ಮಾತು ಹೇಳುತ್ತಿದ್ದಳು. ಅಮ್ಮನ ಗಂಡು ಸಿಗದಿದ್ದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಬಾವಿಯ ಗಂಡಿಗಾಗಿ ಮಾತ್ರ ಹಂಬಲಿಸಿದೆ. ನಗುವವರು ನಗಲಿ, ಅದು ಹಂಬಲವೇ. ಬಸ್ಸಿನಲ್ಲಿ ಕೂತಾಗ, ಪರೀಕ್ಷೆಯ ಕೋಣೆಯಲ್ಲಿ ಸುಮ್ಮನೆ ಓಡಾಡುವಾಗ, ಆ ಕಾಣದ ಕಾಲು ಹೇಗಿರಬಹುದೆಂದು ಮನಸ್ಸಿನಲ್ಲೇ ಬರೆದು ಬರೆದು ಅಳಿಸುತ್ತಿದ್ದೆ.

ಎರಡನೆಯ ಭಾನುವಾರ ಅಜ್ಜಿ ನನ್ನ ಕೈಯಲ್ಲಿದ್ದ ಸಣ್ಣ ಸೀಸೆ ನೋಡಿ ಅದೇನೆಂದು ಕೇಳಿದರು. ನಾನು ಮೇಡಂ ಆಗಿದ್ದೆನಲ್ಲ, ಇದ್ದದ್ದು ಇದ್ದ ಹಾಗೆ ವಿವರಿಸಿದೆ. ಫಾರ್ಮಲಿನ್ ಹಾಕಿ ಸಾಯಿಸುವುದು, ಗ್ಲಿಸರಿನ್ನಿನಲ್ಲಿ ಇಡುವುದು, ಸೂಜಿಯಿಂದ ಕಾಲು ಬಿಡಿಸುವುದು. ಅವರ ಮುಖ ಚಿಕ್ಕದಾಯಿತು.

“ನಲ್ಲಿ ನೀರು ಎಷ್ಟು ಬೇಕಾದ್ರೂ ತಗೋಮ್ಮ,” ಎಂದರು. “ಬಾವಿಗೆ ಮಾತ್ರ ಇನ್ಮೇಲೆ ಬಿಂದಿಗೆ ಬಿಡ್ಬೇಡ.”

ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗಿಕೊಂಡು ಮೆಟ್ಟಿಲು ಹತ್ತಿದೆ. ಇನ್ನೊಬ್ಬರಾಗಿದ್ದರೆ ಮನೆ ಬಿಡಿಸುತ್ತಿದ್ದರು. ಅಜ್ಜಿ ಅವತ್ತು ಸಂಜೆಯೇ, ಹೊತ್ತು ಮುಳುಗುವ ಮೊದಲು, ಸೊಸೆಯ ಕೈಯಲ್ಲಿ ನನಗೆ ಎರಡು ಹೋಳಿಗೆ ಕಳಿಸಿದರು. ನಾನೂ ತಿಂದೆ. ಆದರೂ ಮನಸ್ಸಿನಲ್ಲಿ ಜಗಳ ಬಿಡಲಿಲ್ಲ. ಬಸವನಗುಡಿಯ ಮೂರು ಬಾವಿ, ಅಕ್ಕಿಪೇಟೆಯ ಒಂದು ಮಂಡಿಯ ಹಿಂದಿನ ಬಾವಿ, ಮಲ್ಲೇಶ್ವರದ ಕಲ್ಯಾಣಿ, ಎಲ್ಲ ಕಡೆ ಬಲೆ ಬಿಟ್ಟೆ. ಬೇರೆ ಬೇರೆ ಜಾತಿಯವು ಗಂಡು ಹೆಣ್ಣು ಸಮೇತ ಸಿಕ್ಕವು. ಎಡಗಡೆ ರೆಕ್ಕೆ ಉದ್ದವಿದ್ದದ್ದು ಒಂದೂ ಇಲ್ಲ. ಅದು ನನ್ನ ಕೋಣೆಯ ಕೆಳಗಿನ ಬಾವಿಯಲ್ಲೇ ಇತ್ತು, ಮತ್ತು ನಾನು ಅಲ್ಲಿಗೆ ಕೈಹಾಕುವಂತಿರಲಿಲ್ಲ.

ಈ ವರ್ಷಗಳಲ್ಲಿ ನಮ್ಮ ನಡುವೆ ಸಲಿಗೆ ಬೆಳೆಯಿತು. ರಜೆಯ ದಿನ ಸಂಜೆ ಅವರು ಹಿತ್ತಲ ಕಲ್ಲಿನ ಮೇಲೆ ಕೂತಿದ್ದರೆ ನಾನೂ ಹೋಗಿ ಕೂರುತ್ತಿದ್ದೆ. ಆಗಾಗ ಅವರು ಕೇಳುತ್ತಿದ್ದರು. ಅದಕ್ಕೆ ಕಣ್ಣಿದೆಯಾ? ಒಂದೇ ಕಣ್ಣು ಅಜ್ಜಿ, ಹಣೆಯ ನಡುವೆ, ಕೆಂಪಗೆ. ಮರಿ ಹೇಗೆ? ಹೊಟ್ಟೆಯ ಕೆಳಗೆ ಮೊಟ್ಟೆಯ ಚೀಲ ಹೊತ್ತುಕೊಂಡೇ ಓಡಾಡುತ್ತದೆ. ನಿದ್ದೆ ಮಾಡುತ್ತದಾ? ಗೊತ್ತಿಲ್ಲ. ನನಗೆ ಅದು ಪರೀಕ್ಷೆಯಂತೆ ಕಾಣುತ್ತಿತ್ತು. ಇಷ್ಟೆಲ್ಲ ತಿಳಿದವಳಾಗಿ ಕೊಲ್ಲುತ್ತೀಯಲ್ಲ ಎಂದು ನನ್ನನ್ನು ಸುತ್ತಿಬಳಸಿ ಚುಚ್ಚುತ್ತಿದ್ದಾರೆಂದುಕೊಂಡು, ನಾನು ಇನ್ನಷ್ಟು ಬಿಗಿದುಕೊಂಡು, ಪುಸ್ತಕದ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದೆ. ಅವರು ಹೂಂಗುಡುತ್ತ ಬಾವಿಯ ಕಡೆ ನೋಡುತ್ತ ಕೂತಿರುತ್ತಿದ್ದರು.

ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ಹಿತ್ತಲ ಪಾಚಿಯ ಮೇಲೆ ಜಾರಿ ಅಜ್ಜಿಯ ಬಲಗೈ ಮುರಿಯಿತು. ಮಣಿಕಟ್ಟಿನಿಂದ ಮೊಣಕೈಯವರೆಗೆ ಪ್ಲಾಸ್ಟರ್. ಸೊಸೆಗೆ ಎಂಟೂವರೆಗೆ ಮನೆ ಬಿಡಬೇಕು. ಆಕೆ ನಲ್ಲಿಯ ನೀರನ್ನೇ ಕಾಯಿಸಿ ಕೊಡುತ್ತೇನೆಂದರೆ ಇವರು ಒಲ್ಲರು. ಒಂದು ದಿನ ಪೂರ್ತಿ ಗುಟುಕು ನೀರು ಕುಡಿಯದೆ ಕೂತರು. ಮರುದಿನ ನಾನು ಕೆಳಗಿಳಿದು, ನಾನು ಸೇದಿ ಕೊಡಲೇ ಎಂದು ಕೇಳಿದೆ. ಆಗಲಿ ಎಂದರು. ಕಾಗದದ ಮೇಲೆ ಸಹಿ ಮಾಡಿಸಿಕೊಳ್ಳಲಿಲ್ಲ, ಆಣೆ ಹಾಕಿಸಲಿಲ್ಲ.

ಐದು ವಾರ ನಾನು ಅವರ ಬಲಗೈಯಾದೆ. ಅವರು ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು, ಬಟ್ಟೆ ಮಗುಚುವಾಗ ಅಂಚು ಮುದುರಿದರೆ ಹೇಳುತ್ತಿದ್ದರು, ತಳದ ಹಗ್ಗವನ್ನು ಬೇಗ ಎಳೆದರೆ ನಾಲಿಗೆ ಚಪ್ಪರಿಸುತ್ತಿದ್ದರು. ಚೊಂಬಿನೊಳಗೆ ಬಿಳಿ ಚುಕ್ಕೆಗಳು ಹಾರುವುದು ನನಗೆ ಕಾಣುತ್ತಿತ್ತು. ಅದರಲ್ಲಿ ಗಂಡು ಯಾವುದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ದಿನಾ ಅವನ್ನು ಇಳಿಸಿ, ಬಗ್ಗಿಸಿ, ಖಾಲಿ ಚೊಂಬು ಎಳೆದುಕೊಂಡೆ. ಹಸಿದವಳ ಕೈಯಲ್ಲಿ ಬಡಿಸುವ ಕೆಲಸ ಮಾಡಿಸಿದ ಹಾಗಿತ್ತು.

ಪ್ಲಾಸ್ಟರ್ ಬಿಚ್ಚಿಸುವ ದಿನ ಸೊಸೆ ರಜೆ ಹಾಕಿ, ಅಜ್ಜಿಯನ್ನು ಬೆಳಿಗ್ಗೆ ಬೇಗನೇ ಆಟೋದಲ್ಲಿ ಕರೆದುಕೊಂಡು ಹೊರಟಳು. ಅಜ್ಜಿ ಗೇಟಿನ ಹತ್ತಿರ ನಿಂತು ನನಗೆ ಹೇಳಿದರು: “ಇವತ್ತು ನೋಡೋಕೆ ನಾನಿರಲ್ಲ. ನೀನೇ ನೋಡ್ಕೋಮ್ಮ.”

ನೋಡಿಕೊಂಡೆ. ಬಟ್ಟೆ ತೊಳೆದ ನೀರಿನಲ್ಲಿ ಅರ್ಧವನ್ನು ಬಾವಿಗೆ ಬಿಟ್ಟೆ, ಅರ್ಧವನ್ನು ಸ್ಟೀಲ್ ಲೋಟಕ್ಕೆ ಸುರಿದುಕೊಂಡು ಮೇಲೆ ಓಡಿದೆ. ಪೂರ್ತಿ ತಗೊಳ್ಳಲಿಲ್ಲವಲ್ಲ ಎಂದು ಮೆಟ್ಟಿಲ ಮೇಲೇ ನನಗೆ ನಾನು ಸಮಾಧಾನ ಹೇಳಿಕೊಂಡದ್ದು ನೆನಪಿದೆ. ಮೈಕ್ರೋಸ್ಕೋಪು ಮೇಜಿನ ಮೇಲಿತ್ತು. ಹನಿ ಹನಿಯಾಗಿ ಗಾಜಿನ ತಟ್ಟೆಗೆ ಬಿಟ್ಟು ನೋಡುತ್ತ ಹೋದೆ. ಹೆಣ್ಣು, ಹೆಣ್ಣು, ಮರಿ, ಹೆಣ್ಣು. ಹನ್ನೊಂದನೆಯದೋ ಹನ್ನೆರಡನೆಯದೋ ಹನಿಯಲ್ಲಿ, ಬಲ ಮೀಸೆ ನಡುವೆ ಉಬ್ಬಿದ್ದ ಒಂದು.

ಅದು ಬದುಕಿತ್ತು. ಮೈ ತಿಳಿಗಾಜು, ಒಳಗೆ ಕಿತ್ತಳೆ ಬಣ್ಣದ ಎರಡು ಎಣ್ಣೆಹನಿ, ಹಣೆಯಲ್ಲಿ ಆ ಕೆಂಪು ಕಣ್ಣು, ಮೀಸೆಯ ತುದಿಗಳಲ್ಲಿ ತೆಳು ನೇರಳೆ. ನಾಲ್ಕು ವರ್ಷ ಸತ್ತವನ್ನೇ ನೋಡಿದ್ದ ನನಗೆ ಅವಕ್ಕೆ ಇಂಥ ಬಣ್ಣ ಇರುತ್ತದೆಂಬುದೇ ಮರೆತುಹೋಗಿತ್ತು. ಸುಮಾರು ಒಂದು ಗಂಟೆ ನೋಡಿದೆ. ಅಷ್ಟು ಸಂತೋಷ ನನಗೆ ಈ ಕೆಲಸದಲ್ಲಿ ಮತ್ತೆಂದೂ ಆಗಿಲ್ಲ.

ಆಮೇಲೆ ಫಾರ್ಮಲಿನ್ ಹನಿ ಬಿಟ್ಟೆ.

ಈ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಇಡೀ ಪ್ರಾಣಿಯ ಚಿತ್ರ ಬರೆಯಬೇಕು, ಅದನ್ನು ಮಗ್ಗುಲಿಗೆ ತಿರುಗಿಸಿ ಮತ್ತೆ ಬರೆಯಬೇಕು, ಆಮೇಲಷ್ಟೇ ಸೂಜಿ. ಬರೆದು ಕತ್ತರಿಸು ಎಂದು ನಾನೇ ಮಕ್ಕಳಿಗೆ ನೂರು ಸಲ ಹೇಳಿದ್ದೇನೆ. ಅವತ್ತು ಬೀದಿಯಲ್ಲಿ ಆಟೋ ಶಬ್ದವಾದಾಗಲೆಲ್ಲ ಎದ್ದು ಗೇಟಿನ ಕಡೆ ಬಗ್ಗಿ ನೋಡುತ್ತಿದ್ದೆ. ಅವರು ಬರುವುದರೊಳಗೆ ಮುಗಿಸಿಬಿಡಬೇಕು, ಲೋಟ ತೊಳೆದಿಡಬೇಕು. ಚಿತ್ರ ಆಮೇಲೆ ಬರೆದರಾಯಿತೆಂದು, ಪ್ರಾಣಿಯನ್ನು ಗ್ಲಿಸರಿನ್ನಿನ ಹನಿಗೆ ಹಾಕಿ ಸೂಜಿ ಹಿಡಿದೆ. ಸೂಜಿಯೆಂದರೆ ಕೀಟಗಳನ್ನು ಚುಚ್ಚಿಡುವ ಕೂದಲೆಳೆಯಂಥ ಪಿನ್ನು, ಉರಿದ ಊದುಬತ್ತಿಯ ಕಡ್ಡಿಗೆ ಅಂಟಿಸಿದ್ದು. ಒಂದರಿಂದ ಮೈಯನ್ನು ಒತ್ತಿಹಿಡಿದು, ಇನ್ನೊಂದರಿಂದ ಐದನೇ ಜೊತೆಯನ್ನು ಬುಡದಿಂದ ಬಿಡಿಸಿದೆ. ಬಂತು. ಬಲಗಾಲು, ಎಡಗಾಲು, ಕೊಕ್ಕೆ, ಎಲ್ಲ ಒಟ್ಟಿಗೆ. ಅದನ್ನು ಪಕ್ಕದ ಸ್ಲೈಡಿಗೆ ಸಾಗಿಸಿ ಮೇಲೆ ಕವರ್‌ಸ್ಲಿಪ್ಪಿನ ತೆಳುಗಾಜು ಇಡುವಾಗ ಕೆಳಗೆ ಗೇಟು ಕಿರುಗುಟ್ಟಿತು. ಕೈ ಅಲುಗಿತು. ಗಾಜು ಓರೆಯಾಗಿ ಬಿದ್ದು, ಗ್ಲಿಸರಿನ್ ಒಂದು ಪಕ್ಕಕ್ಕೆ ಹರಿದು ಹೊರಗೆ ಬಂತು.

ಗೇಟಿನ ಹತ್ತಿರ ಬಂದವನು ಕೊರಿಯರಿನವನು. ಬೀದಿಗೆಲ್ಲ ಕೇಳಿಸುವಂತೆ ಬಾಗಿಲು ಬಡಿದು ಹೋದ. ಗಾಜಿನ ಕೆಳಗೆ ಆ ಕಾಲು ಇರಲಿಲ್ಲ. ಸ್ಲೈಡಿನ ಮೇಲೆ ಹುಡುಕಿದೆ, ಅದರ ಅಂಚಿನಲ್ಲಿ ಹುಡುಕಿದೆ, ಹರಿದ ಗ್ಲಿಸರಿನ್ನಿನಲ್ಲಿ ಹುಡುಕಿದೆ, ಮೇಜನ್ನು, ನನ್ನ ಬೆರಳನ್ನು, ಸೆರಗನ್ನು ಲೆನ್ಸ್ ಹಿಡಿದು ಹುಡುಕಿದೆ. ಉಸಿರಿಗೂ ಹಾರಿಹೋಗುವ ವಸ್ತು ಅದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಉಳಿದದ್ದು ಐದನೇ ಕಾಲಿಲ್ಲದ ಒಂದು ಗಂಡು. ಹೆಸರು ಹೇಳಲು ಅದು ಹೆಣ್ಣಿಗಿಂತಲೂ ಕಡೆ.

ಮಧ್ಯಾಹ್ನ ಅಜ್ಜಿ ಬಂದು, ಬೆಳ್ಳಗೆ ಸವೆದಂತಿದ್ದ ಬಲಗೈಯನ್ನು ಎಡಗೈಯಿಂದ ನೀವಿಕೊಳ್ಳುತ್ತ ಕೇಳಿದರು: “ಎಲ್ಲಾ ಬಿಟ್ಯಾ?”

“ಬಿಟ್ಟೆ ಅಜ್ಜಿ.”

ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ ಅಷ್ಟೇ. ಅವರು ನನ್ನ ತಲೆ ಮೇಲೆ ಕೈಯಿಟ್ಟು, ಐದು ವಾರ ಕಷ್ಟಪಟ್ಟೆ ಎಂದರು. ಮರುದಿನದಿಂದ ಅವರೇ ನಿಧಾನವಾಗಿ ಸೇದತೊಡಗಿದರು.

ನನ್ನ ಪ್ರಬಂಧದಲ್ಲಿ ಆ ಪ್ರಾಣಿಯ ಮುಂದೆ ಹೆಸರಿಲ್ಲ. ಜಾತಿ ಗುರುತಿಸಿಲ್ಲ ಎಂಬ ಅರ್ಥದ ಎರಡಕ್ಷರ ಇವೆ. ಪದವಿಯೇನೋ ಬಂತು. ಅಮ್ಮನಿಗೆ ಹುಷಾರು ತಪ್ಪಿದಾಗ ನಾನು ಮಲ್ಲೇಶ್ವರಕ್ಕೆ ವಾಪಸಾದೆ. ಎರಡು ಬೇಸಿಗೆ ಕಳೆದ ಮೇಲೆ ಸೊಸೆ ಫೋನು ಮಾಡಿ, ಬಾವಿ ಬತ್ತಿತೆಂದೂ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಕಿಸಿದರೆಂದೂ ಹೇಳಿದಳು. ಒಂದು ಗಂಡನ್ನು ಕೊಂದದ್ದರಿಂದ ಬಾವಿಯ ಸಂತಾನ ನಿಲ್ಲುವುದಿಲ್ಲ, ಬತ್ತಿದ್ದಕ್ಕೂ ನನಗೂ ಸಂಬಂಧವಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು, ಇದನ್ನೇ ಪಾಠ ಹೇಳುತ್ತೇನೆ. ಆದರೂ ಆ ಫೋನಿಟ್ಟ ಮೇಲೆ ಬಹಳ ಹೊತ್ತು ಅತ್ತೆ. ಮೊದಲು ಅತ್ತದ್ದು ಆ ಕಾಲಿಗಾಗಿ. ಇನ್ನು ಅದನ್ನು ನಾನು ಎಂದೂ ನೋಡುವುದಿಲ್ಲ.

ಹೋದ ವರ್ಷ ಸುಲ್ತಾನ್‌ಪೇಟೆಗೆ ಅಣ್ಣನ ಮಗಳ ಲಗ್ನಪತ್ರಿಕೆಯ ಕೆಲಸಕ್ಕೆ ಹೋದವಳು, ಅಲ್ಲಿಂದ ಹಾಗೇ ಚಾಮರಾಜಪೇಟೆಗೆ ಹೋದೆ. ಅಜ್ಜಿ ನಡುಮನೆಯ ಮಂಚದ ಮೇಲೆ ಕೂತಿದ್ದರು. ಗ್ಲಾಕೋಮಾ ಅವರ ಎರಡು ಕಣ್ಣನ್ನೂ ತಿಂದುಹಾಕಿತ್ತು. ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯದು. ನನ್ನ ದನಿಯಿಂದಲೇ ಗುರುತು ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡು, ಕೈ ಹಿಡಿದೇ ಇದ್ದರು. ಸೊಸೆ ಕಾಫಿ ಮಾಡಲು ಒಳಗೆ ಹೋದಳು. ಇಷ್ಟು ವರ್ಷ ಬಾಯಿಗೆ ಬಾರದಿದ್ದದ್ದು, ಆ ಕೈ ಹಿಡಿದಿದ್ದಕ್ಕೋ ಏನೋ, ಬಂದುಬಿಟ್ಟಿತು.

“ಅಜ್ಜಿ, ನಿಮ್ಮ ಪ್ಲಾಸ್ಟರ್ ಬಿಚ್ಚಿಸಿದ ದಿನ ನಾನು ಎಲ್ಲಾ ಬಿಡ್ಲಿಲ್ಲ. ಅರ್ಧ ಮೇಲೆ ತಗೊಂಡ್ಹೋದೆ. ಸುಳ್ಳು ಹೇಳಿದೆ.”

ಅವರು ಕೈ ಬಿಡಲಿಲ್ಲ. ಬೈದರೆ ಬೈಸಿಕೊಳ್ಳಬೇಕೆಂದು ತಲೆ ತಗ್ಗಿಸಿ ಕೂತೆ. ನೀನು ಹುಡುಕುತ್ತಿದ್ದದ್ದು ಸಿಕ್ಕಿತಾ ಎಂದರು. ಸಿಕ್ಕಿತು, ಕಳೆದುಕೊಂಡೆ ಎಂದು ಇದ್ದದ್ದೆಲ್ಲ ಹೇಳಿದೆ, ಅವಸರವನ್ನೂ, ಗೇಟಿನ ಶಬ್ದವನ್ನೂ.

“ಬದುಕಿದ್ದಾಗ ನೋಡಿದ್ಯಾ ಅದನ್ನ?”

ಒಂದು ಗಂಟೆ ನೋಡಿದೆ ಎಂದೆ. ಹೇಗಿತ್ತು ಎಂದು ಕೇಳಿದರು. ನಾನು ಅಭ್ಯಾಸಬಲದಿಂದ ಮೀಸೆ, ಗಂಟು, ಕೊಕ್ಕೆ ಎಂದು ಶುರುಮಾಡಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಅಲುಗಿಸಿ, ಕಾಲು ಗೀಲು ಬೇಡ, ನೋಡೋಕೆ ಹೇಗಿತ್ತು ಹೇಳು ಎಂದರು. ತಿಳಿಗಾಜಿನ ಮೈ ಎಂದೆ. ಒಳಗೆ ಕಿತ್ತಳೆ ಬಣ್ಣದ ಹನಿ ಎರಡು. ಹಾರಿ ನಿಂತಾಗಲೆಲ್ಲ ಮೀಸೆ ಎರಡೂ ಕಡೆ ಅಗಲಿಸಿಕೊಂಡು ತೇಲುತ್ತಿತ್ತು. ತುಂಬಾ ಚೆನ್ನಾಗಿತ್ತು ಅಜ್ಜಿ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು, ಇನ್ನೊಂದು ಸಲ ಹೇಳು ಎಂದರು. ಇನ್ನೊಂದು ಸಲ ಹೇಳಿದೆ.

“ಮದುವೆಯಾಗಿ ಬಂದಾಗಿಂದ ದಿನಾ ಬಿಟ್ಟಿದೀನಿ,” ಎಂದರು. “ಯಾರನ್ನ ಬಿಡ್ತಿದೀನಿ ಅಂತ ಒಂದ್ಸಲಾನೂ ನೋಡ್ಲಿಲ್ಲ. ನೀನು ಆ ಯಂತ್ರ ತಂದಾಗಿಂದ, ಇವತ್ತು ಕರೀತಾಳೆ, ನಾಳೆ ಕರೀತಾಳೆ ಅಂತ ಅನ್ಕೊಂಡೆ. ನಾನಾಗೇ ಕೇಳೋಕೆ ನಾಚ್ಕೆ ಆಯ್ತು, ಬಾವಿಗೆ ಬರ್ಬೇಡ ಅಂದಿದ್ನಲ್ಲ.” ಆಮೇಲೆ ಕೇಳಿದರು: “ಕೊಲ್ದೆ ತೋರ್ಸೋಕೆ ಆಗ್ತಿರ್ಲಿಲ್ವೇನಮ್ಮ? ನೋಡಿ ಆದ್ಮೇಲೆ ನಾನೇ ಬಿಡ್ತಿದ್ದೆ.”

ಕಲ್ಲಿನ ಮೇಲೆ ಕೂತು ಅವರು ಕೇಳಿದ್ದ ಕಣ್ಣು, ಮರಿ, ನಿದ್ದೆ ಯಾವುದೂ ಪರೀಕ್ಷೆಯಾಗಿರಲಿಲ್ಲ. ಒಂದು ಹನಿ ನೀರು, ಒಂದು ಗಾಜಿನ ತಟ್ಟೆ, ಇಷ್ಟರಲ್ಲಿ ಆಗುತ್ತಿತ್ತು. ದಿನಾ ಬೆಳಿಗ್ಗೆ, ಗಾಳಿಸಿದ ಮೇಲೆ, ಇಳಿಸುವ ಮೊದಲು, ನಾವಿಬ್ಬರೂ ಸೇರಿ ನೋಡಬಹುದಿತ್ತು. ಹಾಗೆ ನೋಡುತ್ತ ನೋಡುತ್ತ ಆ ಗಂಡಿನ ಚಿತ್ರವನ್ನೂ ಬರೆದುಕೊಳ್ಳಬಹುದಿತ್ತೇನೋ. ಈಗ ನನಗೆ ಆ ಕಾಲಿನ ಆಸೆ ಅಷ್ಟಾಗಿ ಇಲ್ಲ. ಅಜ್ಜಿ ಒಂದು ಕಣ್ಣು ಮುಚ್ಚಿ ಬಗ್ಗಿ ನೋಡುತ್ತಿರುವುದನ್ನು ಪಕ್ಕದಲ್ಲಿ ನಿಂತು ನೋಡಬೇಕೆಂದು ಆಸೆಯಾಗುತ್ತದೆ.

“ಆಗ್ತಿತ್ತು ಅಜ್ಜಿ,” ಎಂದೆ.

ಅವರ ಕಣ್ಣು ಚೆನ್ನಾಗಿದ್ದ ಅಷ್ಟೂ ವರ್ಷ ಆ ಮೈಕ್ರೋಸ್ಕೋಪು ಅದೇ ನಡುಮನೆಯ ಮೇಲಿನ ಕೋಣೆಯಲ್ಲಿ ಇತ್ತು.